ಅಳತೆಯ ಮುಂದೆ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಕ್ಯಾಡ್ ನಕ್ಷೆ ಕೆಟ್ಟಿದೆ ಎಂದಲ್ಲ: ಒಂದು ಸ್ಪಷ್ಟನೆ

ಆಟೋಕ್ಯಾಡ್ ಎಂಬ ತಂತ್ರಾಂಶದಲ್ಲಿ ಬಿಡಿಸಿದ ನಕ್ಷೆಯಲ್ಲಿ ‘Ø150’ (ಅಂದರೆ ವ್ಯಾಸ 150) ಎಂದಿರಬೇಕಾದ ಕಡೆ ‘?150’ ಎಂದೋ ಖಾಲಿ ಚೌಕದೊಂದಿಗೋ ಕಾಣಿಸಿದರೆ ಕಡತವೇ ಹಾಳಾಗಿದೆ, ಅದರ ಅಳತೆಗಳನ್ನು ನಂಬಬಾರದು ಎಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ.

ಅಕ್ಷರಗಳ ರೂಪ ಸಾಮಾನ್ಯವಾಗಿ ನಕ್ಷೆಯ ಕಡತದೊಳಗೆ ಇರುವುದಿಲ್ಲ. ಅಲ್ಲಿರುವುದು ಫಾಂಟ್‌ನ ಹೆಸರು ಮಾತ್ರ. ಆ ಫಾಂಟ್ ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ತಂತ್ರಾಂಶವು ಬದಲಿ ಫಾಂಟನ್ನು ಬಳಸುತ್ತದೆ, ಆ ಬದಲಿಯಲ್ಲಿ ವ್ಯಾಸದ ಚಿಹ್ನೆಯ ಆಕಾರ ಇಲ್ಲವಾದರೆ ಅದರ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಮೂಡುತ್ತದೆ. ಅಳತೆಯ ಅಂಕಿಯಾದರೋ ಸಾಮಾನ್ಯವಾಗಿ ರೇಖೆಯಿಂದಲೇ ಲೆಕ್ಕವಾಗಿ ಬರುವಂಥದ್ದು. ಫಾಂಟ್ ಬದಲಾದರೂ 150 ಎಂಬುದು 150 ಆಗಿಯೇ ಉಳಿಯುತ್ತದೆ.

ನಿಜವಾದ ಅಪಾಯ ಬೇರೆಡೆ ಇದೆ. ಅರ್ಥವಾಗದ ಚಿಹ್ನೆಯನ್ನು ಅಳಿಸಿ ಅಂಕಿಯನ್ನು ಕೈಯಾರೆ ಟೈಪ್ ಮಾಡಿದರೆ, ದುಂಡನೆಯ ರಂಧ್ರವನ್ನು ಚೌಕವೆಂದು ಓದುವ ಸಾಧ್ಯತೆ ಇರುತ್ತದೆ. ಅಷ್ಟೇ ಅಲ್ಲ, ಮುಂದೆ ರೇಖೆ ಬದಲಾದರೂ ಆ ಅಂಕಿ ಬದಲಾಗುವುದಿಲ್ಲ. ಹಾಗೆ ಮಾಡುವ ಬದಲು ಟೆಕ್ಸ್ಟ್ ಸ್ಟೈಲ್‌ನಲ್ಲಿ (ಅಕ್ಷರಗಳ ಶೈಲಿಯ ಸೆಟ್ಟಿಂಗ್) ಫಾಂಟ್‌ನ ಹೆಸರನ್ನು ನೋಡಿ, ಆ ಫಾಂಟ್ ಕಡತವನ್ನು ನಕ್ಷೆ ಕಳುಹಿಸಿದವರಿಂದಲೇ ಕೇಳಿ ಪಡೆಯಬೇಕು. ನಕ್ಷೆ ಕಳುಹಿಸುವವರು ನಕ್ಷೆಯನ್ನೂ ಅದಕ್ಕೆ ಬೇಕಾದ ಕಡತಗಳನ್ನೂ ಒಟ್ಟುಗೂಡಿಸುವ ಇ-ಟ್ರಾನ್ಸ್‌ಮಿಟ್ ಆಜ್ಞೆಯಲ್ಲಿ ಫಾಂಟ್‌ಗಳನ್ನೂ ಸೇರಿಸುವ ಆಯ್ಕೆಯನ್ನು ಗುರುತು ಮಾಡಿ, ಜೊತೆಗೊಂದು ಪಿಡಿಎಫ್ ಪ್ರತಿಯನ್ನೂ ಇಟ್ಟರೆ ಈ ಗೊಂದಲ ಬಹುಪಾಲು ಹುಟ್ಟುವುದೇ ಇಲ್ಲ.