ನೆಲದಡಿಯ ಗಾಳಿಗೂ ಒಂದು ಲೆಕ್ಕವಿದೆ

ಹೊರಗೋಡೆಯ ಬುಡದಲ್ಲಿ ಸೀಳುಸೀಳಾದ ಪ್ಲಾಸ್ಟಿಕ್ ಇಟ್ಟಿಗೆ ಕಂಡರೆ ನಮ್ಮೂರ ಕಣ್ಣಿಗೆ ಅದು ಇಲಿ ನುಗ್ಗುವ ತೂತು, ಚಳಿ ಬರುವ ಕಿಂಡಿ. ಮುಚ್ಚಿಬಿಡೋಣ ಎನಿಸುತ್ತದೆ. ಇಂಗ್ಲೆಂಡಿನಲ್ಲಿ ಅದರ ಹೆಸರು ಏರ್ ಬ್ರಿಕ್, ನೆಲದಡಿಯ ಪೊಳ್ಳಿಗೆ ಗಾಳಿ ಹೋಗುವ ದಾರಿ. ಮುಚ್ಚುವ ಮಾತು ಹಾಗಿರಲಿ, ಅಲ್ಲಿ ಹೊಸ ಮನೆ ಕೊಂಡವರು ಅದರಿಂದ ನಿಜಕ್ಕೂ ಗಾಳಿ ಒಳಹೋಗುತ್ತಿದೆಯೇ ಎಂದು, ಬಿಲ್ಡರಿನ ಹೊಣೆ ಇರುವ ಎರಡು ವರ್ಷದೊಳಗೆ, ನೋಡಿಬಿಡಬೇಕು.

ನಮಗೆ ಇದು ಹೊಳೆಯದಿರಲು ಕಾರಣ ಸರಳ. ಕರ್ನಾಟಕದಲ್ಲಿ ಪಾಯದ ಗೋಡೆ ಎದ್ದ ಮೇಲೆ ನಡುವೆ ಮಣ್ಣು ತುಂಬಿ, ನೀರು ಬಿಟ್ಟು, ದಿಮ್ಮಸು ಹೊಡೆದು, ಸೈಜುಗಲ್ಲು ಹಾಸಿ, ಕಾಂಕ್ರೀಟ್ ಬೆಡ್ ಹಾಕಿ, ಮೇಲೆ ಟೈಲ್ಸ್ ಕೂರಿಸುತ್ತೇವೆ. ನೆಲದ ಕೆಳಗೆ ಪೊಳ್ಳೇ ಇರುವುದಿಲ್ಲ. ಇದ್ದಿದ್ದರೆ ಹಾವು, ಹೆಗ್ಗಣ ಬಾಡಿಗೆ ಕೊಡದೆ ಸೇರಿಕೊಳ್ಳುತ್ತಿದ್ದವು. ಮೂರಡಿ ಪ್ಲಿಂತ್ ತುಂಬಿಸುವುದು ನಮ್ಮಲ್ಲಿ ದಿನನಿತ್ಯದ ಕೆಲಸ. ಇಂಗ್ಲೆಂಡಿನಲ್ಲಿ ಹೊಸ ಮನೆಗಳಿಗೆ ವಾರಂಟಿ ಕೊಡುವ ಎನ್‌ಎಚ್‌ಬಿಸಿಯ ನಿಯಮದಂತೆ ತುಂಬುವ ಆಳ 600 ಮಿ.ಮೀ. ದಾಟಿದರೆ ನೆಲವನ್ನು ಭರ್ತಿಯ ಮೇಲೆ ಕೂರಿಸುವಂತಿಲ್ಲ, ಗೋಡೆಯಿಂದ ಗೋಡೆಗೆ ತೂಗುನೆಲವಾಗಿ ಕಟ್ಟಬೇಕು. ತುಂಬಿದ ಮಣ್ಣು ಕುಸಿದು ಟೈಲ್ಸ್ ಕೆಳಗೆ ಟೊಳ್ಳು ಸದ್ದು ಬರುವ ನಮ್ಮ ಮನೆಗಳನ್ನು ನೆನೆದರೆ, ಈ ನಿಯಮವನ್ನು ಅತಿರೇಕ ಎನ್ನಲಾರೆ.

ಈಗಿನ ಮನೆಗಳಲ್ಲಿ ಈ ತೂಗುನೆಲ ಹೆಚ್ಚಾಗಿ ಕಾಂಕ್ರೀಟ್ ತೊಲೆಗಳ ನಡುವೆ ಬ್ಲಾಕ್ ಕೂರಿಸಿದ್ದು. ಅದರಡಿ ಕನಿಷ್ಠ 150 ಮಿ.ಮೀ. ಪೊಳ್ಳು ಬೇಕು. ಮರಗಳ ಹತ್ತಿರದ ಜೇಡಿಮಣ್ಣಾದರೆ ನೆಲ ಉಬ್ಬುವುದರಿಂದ ಇನ್ನೂ ಹೆಚ್ಚು. ಗಾಳಿಯ ಲೆಕ್ಕವನ್ನು ಕಟ್ಟಡ ನಿಯಮಗಳ 'ಸಿ' ಭಾಗ ಹೇಳುತ್ತದೆ: ಹೊರಗೋಡೆಯ ಪ್ರತಿ ಮೀಟರಿಗೆ 1,500 ಚದರ ಮಿ.ಮೀ., ಇಲ್ಲವೇ ನೆಲದ ಪ್ರತಿ ಚದರ ಮೀಟರಿಗೆ 500 ಚದರ ಮಿ.ಮೀ. ತೆರಪು, ಎರಡರಲ್ಲಿ ಯಾವುದು ಹೆಚ್ಚೋ ಅದು. ತೆರಪುಗಳು ಎದುರುಬದುರು ಗೋಡೆಗಳಲ್ಲಿರಬೇಕು, ಒಂದೇ ಕಡೆ ಇದ್ದರೆ ಗಾಳಿ ಹರಿಯುವುದಿಲ್ಲ.

10×8 ಮೀಟರಿನ ಒಂಟಿ ಮನೆ ಎನ್ನಿ. ಸುತ್ತಳತೆ 36 ಮೀಟರ್, ಅಂದರೆ 54,000 ಚದರ ಮಿ.ಮೀ. ನೆಲದ ಲೆಕ್ಕದಲ್ಲಿ 40,000. ಹೆಚ್ಚಿನದು 54,000. 225×75 ಮಿ.ಮೀ. ಅಳತೆಯ ಪ್ಲಾಸ್ಟಿಕ್ ಏರ್ ಬ್ರಿಕ್ ಒಂದು ಸುಮಾರು 6,000 ಚದರ ಮಿ.ಮೀ. ತೆರಪು ಕೊಡುವುದರಿಂದ ಒಂಬತ್ತು ಸಾಕು. ಅದೇ ಅಳತೆಯ ಸುಟ್ಟ ಮಣ್ಣಿನದು ಸುಮಾರು 1,400 ಮಾತ್ರ, ಹಾಗಾಗಿ ಮೂವತ್ತೊಂಬತ್ತು ಬೇಕು! ನೋಟಕ್ಕೆ ಚೆಂದ ಎಂದು ಪ್ಲಾಸ್ಟಿಕ್ ಬದಲು ಮಣ್ಣಿನದನ್ನು ಒಂದಕ್ಕೊಂದು ಲೆಕ್ಕದಲ್ಲಿ ಹಾಕಿದರೆ ಗಾಳಿ ಕಾಲುಭಾಗಕ್ಕಿಳಿಯುತ್ತದೆ. ಸಾಲುಮನೆಗಳಲ್ಲಿ ಹೊರಗೋಡೆ ಎಂದರೆ ಹಿಂದೆ, ಮುಂದೆ ಅಷ್ಟೇ. ಅಲ್ಲಿ ನೆಲದ ಲೆಕ್ಕವೇ ಗೆಲ್ಲುವುದುಂಟು, ಎರಡನ್ನೂ ಹಾಕಿ ನೋಡಿ.

ಎಣಿಕೆ ಸರಿಯಿದ್ದರೂ ಕೆಲಸ ಕೆಟ್ಟಿರಬಹುದು. ಒಳನೆಲ ಹೊರಗಿನ ಮಟ್ಟಕ್ಕೆ ಹತ್ತಿರವಿದ್ದಾಗ ಮೇಲಿನ ಏರ್ ಬ್ರಿಕ್ಕಿನಿಂದ ಕೆಳಗಿನ ಪೊಳ್ಳಿಗೆ ಮೆಟ್ಟಿಲಾಕಾರದ, ಎಳೆದು ಉದ್ದ ಮಾಡುವ ಪ್ಲಾಸ್ಟಿಕ್ ಕೊಳವೆಯನ್ನು ಜೋಡುಗೋಡೆಯ (ನಡುವೆ ಸಂದು ಬಿಟ್ಟು ಕಟ್ಟಿದ ಒಳ, ಹೊರ ಎರಡು ಪದರದ ಗೋಡೆಯ) ಸಂದಿನಲ್ಲಿ ಇಳಿಸುತ್ತಾರೆ. ಎಡವಟ್ಟು ಹೆಚ್ಚಾಗುವುದು ಇಲ್ಲೇ. ಕೊಳವೆಯನ್ನು ಪೂರ್ತಿ ಎಳೆದಿರುವುದಿಲ್ಲ, ಅದರ ಕೆಳಬಾಯಿ ಒಳಗೋಡೆಯ ಬ್ಲಾಕಿಗೆ ತಾಗಿರುತ್ತದೆ, ಇಲ್ಲವೇ ಉದುರಿದ ಗಾರೆ ಒಳಗೆ ಗಟ್ಟಿಯಾಗಿರುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಅಚ್ಚುಕಟ್ಟು. ತಂತಿ ತೂರಿಸಿ ನೋಡಿದರೂ ತಿಳಿಯದು, ಏಕೆಂದರೆ ಸರಿಯಾಗಿ ಕೂರಿಸಿದ ಕೊಳವೆಯಲ್ಲೂ ತಂತಿ ಮೊದಲ ತಿರುವಿಗೇ ನಿಲ್ಲುತ್ತದೆ. ಬಳುಕುವ ತೆಳು ಕ್ಯಾಮೆರಾ ಬೇಕು. ಸೀಳಿನಲ್ಲಿ ಅದು ಹಿಡಿಸದಿದ್ದರೆ ಒಂದು ಏರ್ ಬ್ರಿಕ್ ಬಿಚ್ಚಿ ತೋರಿಸಿ ಎಂದು ಬಿಲ್ಡರನ್ನೇ ಕೇಳಿ.

ಇನ್ನು ಒಳಗಿನ ಅಡ್ಡಗೋಡೆಗಳು. ನೆಲದಡಿ ಅವುಗಳಲ್ಲಿ ಕಿಂಡಿ ಬಿಡದಿದ್ದರೆ ನಡುಮನೆಯ ಕೆಳಗೆ ಗಾಳಿ ಸತ್ತಂತೆ. ಪಕ್ಕದ ಗ್ಯಾರೇಜಿನ ನೆಲ ಗಟ್ಟಿ ಕಾಂಕ್ರೀಟಾದರೆ ಅದರಡಿ ಕನಿಷ್ಠ 100 ಮಿ.ಮೀ. ವ್ಯಾಸದ ಪೈಪು ಹಾಯಿಸಿ ಗಾಳಿ ತರಬೇಕು, ಇದನ್ನು ಮರೆತಿರುವುದೂ ಉಂಟು. ಹಿತ್ತಿಲಿಗೆ ಕಲ್ಲು ಹಾಸುವವರು ಏರ್ ಬ್ರಿಕ್ಕನ್ನು ಅರ್ಧ ಹೂತುಬಿಡುತ್ತಾರೆ. ಹೊರಗಿನ ಮಟ್ಟ ತೇವ ತಡೆಯುವ ಪದರಕ್ಕಿಂತ 150 ಮಿ.ಮೀ. ಕೆಳಗಿರಬೇಕೆಂಬ ನಿಯಮ ಮುರಿಯುವುದೂ ಆಗಲೇ.

"ಕಾಂಕ್ರೀಟ್ ನೆಲ, ಕೊಳೆಯುವುದಿಲ್ಲ ಬಿಡಿ" ಎಂಬ ಸಮಾಧಾನವನ್ನು ಒಪ್ಪಬೇಡಿ. ತೊಲೆ ಕೊಳೆಯದು, ನಿಜ. ಆದರೆ ಸೋರಿದ ಅನಿಲ, ನೆಲದೊಳಗಿನ ಮೀಥೇನ್, ರೇಡಾನ್ ಎಂಬ ವಿಕಿರಣಶೀಲ ಅನಿಲ ಪೊಳ್ಳಿನಲ್ಲಿ ಕಟ್ಟಿಕೊಳ್ಳದಿರಲೂ ಗಾಳಿ ಬೇಕು. ಮರದ ನೆಲವಾದರಂತೂ ಮರದ ತೇವಾಂಶ 20 ಶೇಕಡಾ ದಾಟಿ ನಿಂತರೆ ಶಿಲೀಂಧ್ರಕ್ಕೆ ಹಬ್ಬ.

ರಿಪೇರಿಯಲ್ಲೂ ಮೋಸ ಹೋಗಬಾರದು. ಹೂತ ಏರ್ ಬ್ರಿಕ್ಕಿನ ಮುಂದೆ ಒಂದು ಗುಂಡಿ ತೋಡಿ ಹೋಗುವುದು ತೇಪೆ ಕೆಲಸ. ಮಳೆಗೆ ಆ ಗುಂಡಿ ತುಂಬಿದರೆ ನೀರು ನೇರ ನೆಲದಡಿಗೇ ಹೋಗುತ್ತದೆ. ಗೋಡೆಯುದ್ದಕ್ಕೂ ಹಾಸುಗಲ್ಲು ಕತ್ತರಿಸಿ, ಮಟ್ಟ ಇಳಿಸಿ, ಜಲ್ಲಿ ಪಟ್ಟಿ ಮಾಡಿ ನೀರಿಗೆ ಹೊರದಾರಿ ಕೊಡಬೇಕು. ಕಡಿಮೆ ಬಿದ್ದ ಏರ್ ಬ್ರಿಕ್ಕುಗಳಿಗೆ ಗೋಡೆ ಕೊರೆದು ಹೊಸದನ್ನು ಕೂರಿಸಬಹುದು. ಆದರೆ ಜೋಡುಗೋಡೆಯ ಸಂದು ದಾಟುವ ಕೊಳವೆ ಇಲ್ಲದೆ ಹೊರಗಿನ ಇಟ್ಟಿಗೆ ಮಾತ್ರ ಬದಲಿಸಿದರೆ ಗಾಳಿ ಸಂದಿನಲ್ಲೇ ಕಳೆದುಹೋಗುತ್ತದೆ.

ಊರಿನಲ್ಲಿ ಮನೆ ಕಟ್ಟಿಸುವವರು ಮೇಸ್ತ್ರಿಯ ಪಕ್ಕದಲ್ಲೇ ನಿಂತು ಮಣ್ಣು ತುಂಬಿಸುವುದನ್ನು ನೋಡುತ್ತಾರೆ. ಕಾಗದ ಇರುವುದಿಲ್ಲ, ಕಣ್ಣಿರುತ್ತದೆ. ಇಂಗ್ಲೆಂಡಿನಲ್ಲಿ ಕಾಗದ ರಾಶಿ ಇದೆ, ಕೊಳ್ಳುವವರ ಕಣ್ಣು ಮಾತ್ರ ನೆಲ ಮುಚ್ಚಿದ ಮೇಲೆ ಬರುತ್ತದೆ. ಕೀಲಿ ಪಡೆಯುವ ಮುನ್ನ ತಜ್ಞರಿಂದ ತಪಾಸಣೆ ಮಾಡಿಸಬಹುದು, ಆದರೆ ಆ ಹೊತ್ತಿಗೂ ನೆಲದಡಿ ಕತ್ತಲೆಯೇ. ಹಾಗಾಗಿ ಮನೆ ಕಾಯ್ದಿರಿಸುವಾಗಲೇ ತೊಲೆ ಕೂರಿಸುವ ಮುನ್ನಿನ ಫೋಟೋಗಳನ್ನು ಬರಹದಲ್ಲಿ ಕೇಳಿ.

ಭಾರತದಲ್ಲಿ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಂತೆ ನೋಂದಾಯಿತ ಯೋಜನೆಯ ಬಿಲ್ಡರು ಐದು ವರ್ಷದೊಳಗೆ ತೋರಿಸಿದ ಕಟ್ಟಡದ ದೋಷವನ್ನು 30 ದಿನಗಳಲ್ಲಿ ಪುಕ್ಕಟೆ ಸರಿಪಡಿಸಬೇಕು. ಎನ್‌ಎಚ್‌ಬಿಸಿ ವಾರಂಟಿ ಹತ್ತು ವರ್ಷದ್ದಾದರೂ ಬಿಲ್ಡರಿನ ಹೊಣೆ ಮೊದಲ ಎರಡು ವರ್ಷಕ್ಕೆ. ಆಮೇಲೆ ಗೊತ್ತುಪಡಿಸಿದ ಭಾಗಗಳಿಗೆ ಹಾನಿಯಾಗಿರಬೇಕು, ಬರೀ "ಗಾಳಿ ಕಡಿಮೆ" ಎಂದರೆ ನಡೆಯದು. ದೂರಿನಲ್ಲಿ "ಮುಗ್ಗು ವಾಸನೆ" ಎಂದಷ್ಟೇ ಬರೆಯಬೇಡಿ. ಬೇಕಾದ ತೆರಪು ಇಷ್ಟು (ಮೇಲಿನ ಮನೆಗಾದರೆ 54,000 ಚದರ ಮಿ.ಮೀ.), ಇರುವುದು ಇಷ್ಟು ಎಂದು ಲೆಕ್ಕ ಹಾಕಿ, ಪ್ರತಿ ಏರ್ ಬ್ರಿಕ್ಕಿನ ಪಕ್ಕ ಟೇಪು ಹಿಡಿದು ತೆಗೆದ ಫೋಟೋ ಜೊತೆಗಿಟ್ಟು, ಇಪ್ಪತ್ತನಾಲ್ಕನೆಯ ತಿಂಗಳು ಮುಗಿಯುವ ಮುನ್ನವೇ ಕಳಿಸಿ.