ಕೀಮೋ ನಂತರ ಮುಖದ ಕೂದಲು: ಆ ವಾಟ್ಸಾಪ್ ಸಂದೇಶ ತಪ್ಪು

'ಕೀಮೋ ಮುಗಿದ ಮೇಲೆ ಹೆಂಗಸರ ಮುಖದಲ್ಲಿ ಕೂದಲು ಬಂದರೆ ಕ್ಯಾನ್ಸರ್ ವಾಪಸ್ ಬಂದಂತೆ, ಬ್ಲೇಡ್ ತಾಗಿಸಿದರೆ ಗಡ್ಡವೇ ಬೆಳೆಯುತ್ತದೆ' ಎಂಬ ಸಂದೇಶ ಸೋಮವಾರಪೇಟೆ ಕಡೆ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಎರಡೂ ಸುಳ್ಳು.

ಇದನ್ನು ಓದಿ ನಮ್ಮ ಚಿಕ್ಕಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮಳೆಗಾಲದ ಮಂಕು ಬೆಳಕಿನಲ್ಲಿ, ಕಿಟಕಿ ಪಕ್ಕ ಕೈಗನ್ನಡಿ ಹಿಡಿದು ಕೆನ್ನೆಯ ನವಿರು ಕೂದಲನ್ನೇ ಸವರುತ್ತಾ ಕೂತಿದ್ದರು. ನೋಡಿ ಹೊಟ್ಟೆ ಉರಿಯಿತು.

ಕೀಮೋ ಔಷಧಿ ಬೆಳೆಯುವ ಕೂದಲಿನ ಬುಡಕ್ಕೇ ಪೆಟ್ಟು ಕೊಡುತ್ತದೆ. ಅದು ನಿಂತ ಮೇಲೆ ತಲೆಯಲ್ಲಿ ಚಿಗುರಿದ ಹಾಗೆ ಮುಖದಲ್ಲೂ ಕೂದಲು ಚಿಗುರುತ್ತದೆ. ಎಲ್ಲಾ ಒಟ್ಟಿಗೆ ಬರುವುದರಿಂದ ಜಾಸ್ತಿ ಕಾಣುತ್ತದೆ. ಎಷ್ಟೋ ಜನರಿಗೆ ಕೆಲವು ತಿಂಗಳಲ್ಲಿ ತಾನಾಗಿ ಕಡಿಮೆಯಾಗುತ್ತದೆ. ಸ್ಟೀರಾಯ್ಡ್ ಮಾತ್ರೆಯಿಂದಲೂ ಹೀಗಾಗಬಹುದು.

ಬ್ಲೇಡ್ ಚರ್ಮದೊಳಗಿನ ಬುಡವನ್ನು ಮುಟ್ಟುವುದೇ ಇಲ್ಲ, ಅಲ್ವಾ? ತುದಿ ಮೊಂಡಾಗಿ ಒರಟು ಅನ್ನಿಸುತ್ತದೆ, ಅಷ್ಟೇ. ಆದರೆ ಚರ್ಮ ಇನ್ನೂ ಸೂಕ್ಷ್ಮವಾಗಿರುತ್ತದೆ. ವ್ಯಾಕ್ಸಿಂಗ್, ಕೂದಲು ತೆಗೆಯುವ ಕ್ರೀಮ್, ಲೇಸರ್ ಇವಕ್ಕೆ ಮೊದಲು ನಿಮ್ಮ ಕ್ಯಾನ್ಸರ್ ಡಾಕ್ಟರನ್ನು ಕೇಳಿ. ಮುಖಕ್ಕೆ ರೇಡಿಯೇಷನ್ ಆಗಿದ್ದರಂತೂ ಕೇಳದೆ ಏನೂ ಹಚ್ಚಬೇಡಿ. ಕಪ್ಪು ದಪ್ಪ ಕೂದಲು ಬೇಗ ಬೇಗ ಹಬ್ಬಿದರೆ, ದನಿ ಗಡುಸಾದರೆ ತಡ ಮಾಡದೆ ತೋರಿಸಿ.