ತಕ್ಕಡಿಗೆ ವೈಫೈ ಭಾಗ್ಯ

ಇವತ್ತು ಬೆಳಗ್ಗೆ ಅಂಗಡಿಯ ಶೆಟರ್ ಎತ್ತಿದ ಸ್ವಲ್ಪ ಹೊತ್ತಿಗೇ ಆರೇಳು ಜನ ಕೆಜಿಗೆ 44 ರೂಪಾಯಿಯ ಟೊಮೆಟೊವನ್ನು 28ಕ್ಕೆ ಕಟ್ಟಿಸಿಕೊಂಡು ಹೋದರು. ಒಬ್ಬರೂ ಚೌಕಾಸಿ ಮಾಡಲಿಲ್ಲ. ಹಾಸನದಲ್ಲಿ ಚೌಕಾಸಿ ಇಲ್ಲದೆ ಟೊಮೆಟೊ ಖರ್ಚಾಯಿತೆಂದರೆ ಎಲ್ಲೋ ಏನೋ ಕೆಟ್ಟಿದೆ ಎಂದೇ ಲೆಕ್ಕ.

ಕೆಟ್ಟಿದ್ದು ತಕ್ಕಡಿ. ತೂಕಕ್ಕೇನೂ ಧಕ್ಕೆಯಿಲ್ಲ, ಕೆಟ್ಟಿದ್ದು ಅದರ ನೆಟ್‌ವರ್ಕು. ನಮ್ಮದು ಲೇಬಲ್ ಅಂಟಿಸುವ ತಕ್ಕಡಿ. ಬೆಳಗ್ಗೆ ಕಂಪ್ಯೂಟರಿನಲ್ಲಿ ಆ ದಿನದ ರೇಟು ಹಾಕಿ ಕಳಿಸಿದರೆ ಅದು ಬಾಯಿಪಾಠ ಮಾಡಿಕೊಂಡು, ತೂಗಿದ್ದಕ್ಕೆಲ್ಲ 2ರಿಂದ ಶುರುವಾಗುವ 13 ಅಂಕಿಯ ಬಾರ್‌ಕೋಡ್ ಚೀಟಿ ಕೊಡುತ್ತದೆ. ಆ ಅಂಕಿಗಳೊಳಗೇ ಸಾಮಾನಿನ ನಂಬರೂ ಕೊಡಬೇಕಾದ ದುಡ್ಡೂ ಅಡಗಿರುತ್ತವೆ. ಬಿಲ್ಲಿಂಗ್ ಕೌಂಟರಿಗೆ ಆ ಚೀಟಿಯೇ ವೇದವಾಕ್ಯ. ಹೊಸ ರೇಟು ತಕ್ಕಡಿಗೆ ತಲುಪದಿದ್ದರೆ ನಿನ್ನೆಯ ವೇದವೇ ಇವತ್ತಿಗೂ.

ಮೊದಲು ಕೇಬಲ್ ಎಳೆಸಿದ್ದೆವು. ಬೆಲ್ಲದ ಮೂಟೆಯ ಹಿಂದೆ ಇಲಿಗಳು ಅದರ ರುಚಿ ನೋಡಿದವು. "ವೈಫೈ ಹಾಕ್ಬಿಡಿ ಸರ್, ಐದು ನಿಮಿಷದ ಕೆಲಸ" ಎಂದ ಮಾರಿದವನು. ಆ ಐದು ನಿಮಿಷ ಹೇಗಿತ್ತೆಂದರೆ, ಝೀರೋ ಮತ್ತು ಟೇರ್ (ಪಾತ್ರೆಯ ತೂಕ ಕಳೆಯುವ) ಕೀಗಳನ್ನು ಒಟ್ಟಿಗೆ ಒತ್ತಿ ಹಿಡಿದು ಮೆನುವಿಗೆ ಇಳಿಯಬೇಕು, ಹಳೇ ಬಟನ್ ಮೊಬೈಲಿನಲ್ಲಿ ಎಸ್ಸೆಮ್ಮೆಸ್ ಬರೆದ ಹಾಗೆ ಅಂಕಿ ಕೀಗಳನ್ನೇ ಕುಟ್ಟಿ ಪಾಸ್‌ವರ್ಡ್ ಬರೆಯಬೇಕು. ಪಾಸ್‌ವರ್ಡ್ ಅಪ್ಪನ ಆಯ್ಕೆ: ಹಾಸನಾಂಬೆಯ ಹೆಸರು, ಮೊದಲಕ್ಷರ ಕ್ಯಾಪಿಟಲ್, ನಡುವೆ ಒಂದು ಡಾಲರ್ ಚಿಹ್ನೆ, ಕೊನೆಗೆ ಅಂಗಡಿ ಶುರುವಾದ ಇಸವಿ. ಬರೆದದ್ದು ಪರದೆ ಮೇಲೆ ಬರೀ ನಕ್ಷತ್ರ. ಅರ್ಧ ದಾಟುವಷ್ಟರಲ್ಲಿ ಯಾರಾದರೂ "ಕಾಲು ಕೆಜಿ ಬೀನ್ಸ್ ಕೊಡಿ" ಅನ್ನುತ್ತಾರೆ. ಮೆನುವಿನೊಳಗಿದ್ದರೆ ತಕ್ಕಡಿ ತೂಗುವುದಿಲ್ಲ. ಹೊರಗೆ ಬಂದು ಬೀನ್ಸ್ ತೂಗಿ ಮತ್ತೆ ಮೊದಲಕ್ಷರದಿಂದ ಶುರು. ಹಾಸನಾಂಬೆ ವರ್ಷಕ್ಕೊಮ್ಮೆಯಾದರೂ ಬಾಗಿಲು ತೆರೆಯುತ್ತಾಳೆ, ನಮ್ಮ ರೂಟರ್ ಅಷ್ಟು ದಯವನ್ನೂ ತೋರಲಿಲ್ಲ. ರೂಟರ್ ತೋರಿಸುವ ಎರಡು ವೈಫೈ ಹೆಸರುಗಳಲ್ಲಿ 2.4 ಗಿಗಾಹರ್ಟ್ಸಿನದು ಮಾತ್ರ ಈ ತಕ್ಕಡಿಯ ಕಣ್ಣಿಗೆ ಬೀಳುತ್ತದೆಂದು ಯಾವ ಪುಸ್ತಿಕೆಯೂ ಹೇಳಿರಲಿಲ್ಲ.

ಕೊನೆಗೂ ಕನೆಕ್ಟ್ ಆಯಿತು. ಆಮೇಲೆ ಶುರುವಾಗಿದ್ದು ಅಪ್ಪನ ಕಾಂಡ.

ಅಪ್ಪ ರಾತ್ರಿ ಅಂಗಡಿ ಮುಚ್ಚುವಾಗ ಚಿಲ್ಲರೆ ಎಣಿಸುತ್ತಾರೆ, ದೇವರ ಫೋಟೊಗೆ ಕೈ ಮುಗಿಯುತ್ತಾರೆ, ಆ ಕೈಯಲ್ಲೇ ಮೇನ್ ಸ್ವಿಚ್ ಆರಿಸುತ್ತಾರೆ. ಹಾಲಿನ ಫ್ರಿಜ್ಜಿನ ಲೈನ್ ಬೇರೆ, ಅದೊಂದು ಬಚಾವ್. ಬೆಳಗ್ಗೆ ಮೇನ್ ಹಾಕಿದ ಕೂಡಲೇ ಕಂಪ್ಯೂಟರು, ಪ್ರಿಂಟರು, ಸಿಸಿಟಿವಿ ಪೆಟ್ಟಿಗೆ, ತಕ್ಕಡಿ ಎಲ್ಲವೂ ಒಟ್ಟಿಗೆ ಎದ್ದು ವಿಳಾಸಕ್ಕಾಗಿ, ಅಂದರೆ ನೆಟ್‌ವರ್ಕಿನಲ್ಲಿ ತಮ್ಮನ್ನು ಹುಡುಕಲು ಬೇಕಾದ ನಂಬರಿಗಾಗಿ, ರೂಟರ್ ಮುಂದೆ ನಿಲ್ಲುತ್ತವೆ. ನಮ್ಮ ರೂಟರಿಗೆ ನಿನ್ನೆಯ ನೆನಪಿಲ್ಲ, ಮೊದಲು ಬಂದವರಿಗೆ ಮೊದಲು ಕೊಡುತ್ತದೆ. ನಿನ್ನೆ 192.168.1.3ರಲ್ಲಿದ್ದ ತಕ್ಕಡಿ ಇವತ್ತು 5ರಲ್ಲಿ. 3ರಲ್ಲಿ ಸಿಸಿಟಿವಿ. ಕಂಪ್ಯೂಟರ್ ಹಳೇ ವಿಳಾಸಕ್ಕೇ ಹೋಗಿ "ಈರುಳ್ಳಿ 36" ಎಂದು ಕ್ಯಾಮೆರಾ ಪೆಟ್ಟಿಗೆಗೆ ಹೇಳುತ್ತದೆ. ಅದೇನು ಮಾಡೀತು ಪಾಪ, ನೋಡುತ್ತಿರುತ್ತದೆ.

"ಅಪ್ಪ, ಮೇನ್ ಆರಿಸ್ಬೇಡಿ" ಎಂದೆ.

"ರಾತ್ರಿ ಹೊತ್ತು ಯಾವನೋ ತೂಗಿಸ್ಕೊಳ್ಳೋಕೆ ಬರ್ತಾನೆ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ರೂಟರಿನ ಸ್ವಿಚ್ಚಿನ ಮೇಲೆ 'ಆರಿಸಬಾರದು' ಎಂದು ಚೀಟಿ ಅಂಟಿಸಿದೆ. ಅಪ್ಪ ಮಾತು ಮೀರಲಿಲ್ಲ, ಆ ಸ್ವಿಚ್ ಮುಟ್ಟದೆ ಮೇನ್ ಆರಿಸಿದರು. ಯುಪಿಎಸ್ ತಂದಿಟ್ಟೆ. ಮೇನ್ ಹೋದ ತಕ್ಷಣ ಅದು ಕೂಗಿಕೊಂಡಿತು. "ಕುಯ್ಯೋ ಅಂತಿತ್ತು ಕಣೋ, ಅದನ್ನೂ ಆರಿಸ್ದೆ" ಎಂದರು ಬೆಳಗ್ಗೆ, ಉಪಕಾರ ಮಾಡಿದ ಮುಖದಲ್ಲಿ. ಸರ್ವಿಸ್‌ನವನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ, ಅಪ್ಪನಿಗೂ ಕೇಳಲಿ ಎಂದೇ. ಅವನು ಹೇಳಿದ್ದು ಒಂದೇ ಮಾತು: "ಸರ್, ಒಂದ್ಸಲ ಎಲ್ಲಾ ಆಫ್ ಮಾಡಿ ಆನ್ ಮಾಡಿ."

"ನೋಡ್ದಾ? ನಾನು ದಿನಾ ಮಾಡೋದೇ ಅದು!"

ಅಪ್ಪನ ಪಕ್ಷದಲ್ಲಿ ಕಾನೂನೂ ಇದೆ. ಕೈತಕ್ಕಡಿಗೆ ತೂಕ-ಅಳತೆ ಇಲಾಖೆಯ ಮುದ್ರೆ ಎರಡು ವರ್ಷಕ್ಕೊಮ್ಮೆ ಬಿದ್ದರೆ ಸಾಕು, ಈ ಎಲೆಕ್ಟ್ರಾನಿಕ್ ಮಹಾರಾಯನಿಗೆ ವರ್ಷ ವರ್ಷ ಬೀಳಬೇಕು. "ಸರ್ಕಾರ ಯಾವುದನ್ನ ಜಾಸ್ತಿ ನಂಬುತ್ತೆ, ನೀನೇ ಹೇಳು" ಎನ್ನುತ್ತಾರೆ. ಅವರ ಹಿತ್ತಾಳೆ ತಟ್ಟೆಯ ತಕ್ಕಡಿ ಈಗಲೂ ಅಟ್ಟದ ಮೇಲಿದೆ. ಅದರಲ್ಲಿ ತೂಗುವಾಗ ಮುಳ್ಳು ನೆಟ್ಟಗಾದ ಮೇಲೂ ಅಪ್ಪನ ಕೈ ಒಮ್ಮೆ ರಾಶಿಯ ಕಡೆ ಹೋಗಿ ಬರುತ್ತಿತ್ತು, ಕೊಸರು ಹಾಕಲು. ಹೊಸ ತಕ್ಕಡಿಯಲ್ಲಿ ಕೊಸರಿಗೂ ಪೈಸೆ ಬೀಳುತ್ತದೆ. ಹಾಗಾಗಿ ಈಗ ಚೀಟಿ ಅಂಟಿಸಿ ಮುಗಿದ ಮೇಲೆ ಚೀಲದ ಬಾಯಿ ಅಗಲಿಸಿ ನಾಲ್ಕು ಬೀನ್ಸ್ ಒಳಗೆ ತುರುಕುತ್ತಾರೆ. ಕಂಪ್ಯೂಟರಿನ ಸ್ಟಾಕಿಗೂ ಬುಟ್ಟಿಗೂ ತಾಳೆಯಾಗದಿರುವುದು ಅದಕ್ಕೇ. ಆ ಬಗ್ಗೆ ನಾನು ಬಾಯಿ ಬಿಡುವುದಿಲ್ಲ.

ಡಿಪ್ಲೊಮಾ ಓದುವ ನನ್ನ ತಂಗಿಯ ಮಗ ಬಂದು ತಕ್ಕಡಿಗೆ 192.168.1.50 ಎಂದು ಕಾಯಂ ವಿಳಾಸ ಬರೆದುಕೊಟ್ಟ. ಅಪ್ಪ ಎಷ್ಟು ಸಲ ಮೇನ್ ಆರಿಸಿದರೂ ಅದು ಅಲ್ಲೇ. ಕೆಲವು ದಿನ ಸ್ವರ್ಗ. ನಿನ್ನೆ ಸಂಜೆ ಇಂಟರ್ನೆಟ್‌ನ ಹುಡುಗ ನಾನಿಲ್ಲದಾಗ ಬಂದು ರೂಟರ್ ಬದಲಿಸಿ ಹೋಗಿದ್ದಾನೆ. ಹೆಸರು, ಪಾಸ್‌ವರ್ಡ್ ಹಳೆಯದೇ ಇಟ್ಟಿದ್ದಾನೆ, ಪುಣ್ಯಾತ್ಮ. ಆದರೆ ಹೊಸ ರೂಟರ್ ಹಂಚುವ ವಿಳಾಸಗಳೆಲ್ಲ 192.168.0ರವು. ತಕ್ಕಡಿ ಮಾತ್ರ 192.168.1ರಲ್ಲೇ ಠಿಕಾಣಿ ಹೂಡಿದೆ, ಬೇರೆ ಬೀದಿಯಲ್ಲಿ ಮನೆ ಮಾಡಿದ ಹಾಗೆ. ಪರದೆಯಲ್ಲಿ ಸಿಗ್ನಲ್ ಗೆರೆ ಪೂರ್ತಿ ಇದೆ, ಕಂಪ್ಯೂಟರಿನ ಜೊತೆ ಮಾತುಕತೆ ಇಲ್ಲ.

ಈಗಷ್ಟೇ ಆ ಹುಡುಗನಿಗೆ ಫೋನ್ ಮಾಡಿದೆ. "ಅಷ್ಟೇನಾ ಸರ್? ರಾತ್ರಿ ಆಫೀಸಿಂದಲೇ ಹಳೇ ಥರಾ ಮಾಡಿಕೊಡ್ತೀನಿ. ರೂಟರ್ ಒಂದು ಆನ್ ಇರ್ಲಿ."

"ಅದನ್ನ ನೀನೇ ಹೇಳಪ್ಪ" ಎಂದು ಫೋನನ್ನು ಅಪ್ಪನ ಕೈಗೆ ಕೊಟ್ಟೆ. ಅಪ್ಪ ಪೂರ್ತಿ ಕೇಳಿಸಿಕೊಂಡರು.

"ಅಲ್ಲಪ್ಪ, ನಿಮ್ಮನೇಲಿ ರಾತ್ರಿ ಲೈಟ್ ಆರಿಸೋ ಅಭ್ಯಾಸ ಇಲ್ವಾ?"